ಹೆಡ್‌ಫೋನ್‌ನ ಹೊಸ ಆವೃತ್ತಿ ಬಂದರೆ ದನಿ ನಿಜಕ್ಕೂ ಬದಲಾಗುತ್ತದೆಯೇ? ಫಾರ್ವರ್ಡ್‌ನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

"ದುಬಾರಿ ಹೆಡ್‌ಫೋನ್ ಕಂಪನಿಗಳು ಹೆಸರು ಅದನ್ನೇ ಇಟ್ಟುಕೊಂಡು ಒಳಗಿನ ಸಾಮಾನು ಬದಲಾಯಿಸುತ್ತವೆ. ನಿಮ್ಮ ಹಳೆಯ ಹೆಡ್‌ಫೋನ್ ದನಿ ಮಂಕಾಗಿದೆಯೇ? ಅದು ಹಳೇ ಡ್ರೈವರ್. ಕೂಡಲೇ ಹೊಸ ಆವೃತ್ತಿಗೆ ಬದಲಾಯಿಸಿಕೊಳ್ಳಿ. ಕೊಂಡ ಮೇಲೆ 200 ಗಂಟೆ ಹಾಡು ಓಡಿಸಿ, ಆಮೇಲೆಯೇ ನಿಜವಾದ ದನಿ ತೆರೆದುಕೊಳ್ಳುತ್ತದೆ. ಎಲ್ಲರಿಗೂ ತಿಳಿಸಿ."

ಇಂಥ ಸಂದೇಶ ನಿಮ್ಮ ಗುಂಪುಗಳಿಗೂ ಬಂದಿರಬಹುದು. ಓದುವಾಗ ಎಲ್ಲವೂ ಸರಿ ಎನ್ನಿಸುತ್ತದೆ. ಆದರೆ ಇದರಲ್ಲಿ ಮೂರು ಬೇರೆ ಬೇರೆ ಮಾತುಗಳು ಒಂದರೊಳಗೊಂದು ಸೇರಿಕೊಂಡಿವೆ. ಮೊದಲನೆಯದು ನಿಜ. ಎರಡನೆಯದು ಹೆಚ್ಚಿನ ಸಲ ತಪ್ಪು. ಮೂರನೆಯದಕ್ಕೆ ಆಧಾರ ಬಹಳ ಕಡಿಮೆ. ಎರಡನೆಯದನ್ನು ನಂಬಿದರೆ ಸಾವಿರಾರು ರೂಪಾಯಿ ಸುಮ್ಮನೆ ಹೋಗುತ್ತದೆ, ಜೊತೆಗೆ ಕಿವಿಗೂ ಪೆಟ್ಟು ಬೀಳಬಹುದು. ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಚಿಕ್ಕ ಉತ್ತರ

ಹೌದು, ವಿನ್ಯಾಸದಲ್ಲಿ ಆಗುವ ಸಣ್ಣ ಬದಲಾವಣೆಯೂ ಹೆಡ್‌ಫೋನ್‌ನ ದನಿಯನ್ನು ಬದಲಾಯಿಸಬಲ್ಲದು. ಆದರೆ ನಿಮ್ಮ ಬಳಿ ಇರುವ ಹೆಡ್‌ಫೋನ್‌ನ ದನಿ ಬದಲಾಗಿದೆ ಎನ್ನಿಸಿದರೆ ಅದಕ್ಕೆ ಕಾರಣ ಕಂಪನಿಯ ಹೊಸ ಆವೃತ್ತಿ ಅಲ್ಲ. ಹೆಚ್ಚಾಗಿ ಅದು ಸವೆದ ಇಯರ್ ಪ್ಯಾಡ್, ನಿಮ್ಮ ಕನ್ನಡಕ, ಸುತ್ತಲಿನ ಗದ್ದಲ ಅಥವಾ ವಾಲ್ಯೂಮ್‌ನ ಹೆಚ್ಚುಕಡಿಮೆ.

ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ಕಂಡದ್ದು

ನಮ್ಮ ಗೆಳೆಯರೊಬ್ಬರು ದಿನಾ ಬೆಳಗ್ಗೆ ಟಿನ್ ಫ್ಯಾಕ್ಟರಿಯಲ್ಲಿ ಬಸ್ ಹಿಡಿದು ಮಾರತಹಳ್ಳಿ ಕಡೆಗೆ ಹೋಗುತ್ತಾರೆ. ಆ ಜಾಗ ಕಂಡವರಿಗೆ ಹೇಳಬೇಕಾಗಿಲ್ಲ. ಹಳೆ ಮದ್ರಾಸ್ ರಸ್ತೆಯೂ ಹೊರ ವರ್ತುಲ ರಸ್ತೆಯೂ ಕೂಡುವ ಕಡೆ, ಪಕ್ಕದಲ್ಲೇ ಕೆ.ಆರ್. ಪುರದ ತೂಗುಸೇತುವೆ. ಹೊಸಕೋಟೆ, ಕೋಲಾರ, ಹೆಬ್ಬಾಳ, ಸಿಲ್ಕ್ ಬೋರ್ಡ್ ಎಂದು ನಾಲ್ಕೂ ದಿಕ್ಕಿಗೆ ಹೋಗುವವರು ಅಲ್ಲೇ ನಿಲ್ಲಬೇಕು. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದವರೆಗೆ ಮೆಟ್ರೊ ಕೂಡಿಕೊಂಡ ಮೇಲೂ ಕೆಳಗಿನ ರಸ್ತೆಯ ಗದ್ದಲ ಹಾಗೆಯೇ ಇದೆ.

ಗೆಳೆಯರ ಬಳಿ ಐದು ವರ್ಷ ಹಳೆಯ, ಒಳ್ಳೆಯ ಬೆಲೆಯ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಇತ್ತು. ಅದರ ಹೊಸ ಆವೃತ್ತಿಯನ್ನು ಅಂಗಡಿಯಲ್ಲಿ ಕೇಳಿ ಬಂದವರೇ, "ಹಳೇದ್ರಲ್ಲಿ ಬೇಸೇ ಇಲ್ಲ ಗುರೂ, ಹೊಸದ್ರಲ್ಲಿ ಡ್ರೈವರ್ ಬದಲಾಯಿಸಿದ್ದಾರೆ" ಎಂದರು. ಮೇಲಿನ ಸಂದೇಶವನ್ನು ನಮಗೆ ಕಳಿಸಿದವರೂ ಅವರೇ. ಹಳೆಯದನ್ನು ಬಂದ ಬೆಲೆಗೆ ಮಾರಿ ಹೊಸದು ತೆಗೆದುಕೊಳ್ಳುವುದೆಂದು ತೀರ್ಮಾನ ಆಗಿಬಿಟ್ಟಿತ್ತು.

ನಾವು ಅವರ ಹಳೆಯ ಹೆಡ್‌ಫೋನ್ ಕೈಗೆ ತೆಗೆದುಕೊಂಡು ನೋಡಿದೆವು. ಕಿವಿ ಸುತ್ತ ಕೂರುವ ಮೆತ್ತೆಯ ಮೇಲ್ಪದರ ಸಿಪ್ಪೆ ಎದ್ದಿತ್ತು, ಒಳಗಿನ ಫೋಮ್ ಚಪ್ಪಟೆಯಾಗಿತ್ತು. ಅವರು ಕನ್ನಡಕ ಬೇರೆ ಹಾಕುತ್ತಾರೆ. ಹಾಡು ಓಡುತ್ತಿರುವಾಗ ಎರಡೂ ಕಪ್ಪುಗಳನ್ನು ಅಂಗೈಯಿಂದ ಮೆಲ್ಲಗೆ ಕಿವಿಗೆ ಒತ್ತಿ ಹಿಡಿಯಲು ಹೇಳಿದೆವು. "ಅರೆ, ಬೇಸ್ ಬಂತಲ್ಲ!" ಎಂದರು.

ಹೊಸ ಪ್ಯಾಡ್ ತರಿಸಿ ಹಾಕಿದೆವು. ಅದರ ಬೆಲೆ ಹೊಸ ಹೆಡ್‌ಫೋನ್‌ನ ಹತ್ತನೇ ಒಂದು ಭಾಗವೂ ಇರಲಿಲ್ಲ. ಈಗ ಅದೇ ಬಸ್ ಸ್ಟಾಪಿನಲ್ಲಿ ಮೊದಲಿಗಿಂತ ಕಡಿಮೆ ವಾಲ್ಯೂಮ್ ಅವರಿಗೆ ಸಾಕಾಗುತ್ತದೆ. ಒಬ್ಬರ ಅನುಭವ ವಿಜ್ಞಾನದ ಪ್ರಯೋಗ ಆಗುವುದಿಲ್ಲ, ಅದು ನಿಜ. ಆದರೆ ಇದರ ಹಿಂದಿನ ಕಾರಣ ಸ್ಪಷ್ಟವಾಗಿದೆ, ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು.

ಹೆಡ್‌ಫೋನ್ ಒಳಗೆ ನಡೆಯುವುದೇನು?

ಹೆಡ್‌ಫೋನ್‌ನ ಡ್ರೈವರ್ ಎಂದರೆ ಒಂದು ಪುಟ್ಟ ಸ್ಪೀಕರ್. ಹೆಚ್ಚಿನವುಗಳಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಪೊರೆ, ಅದಕ್ಕೆ ಅಂಟಿಸಿದ ತಂತಿಯ ಸುರುಳಿ, ಸುರುಳಿಯ ಸುತ್ತ ಅಯಸ್ಕಾಂತ ಇರುತ್ತವೆ. ಸುರುಳಿಯಲ್ಲಿ ವಿದ್ಯುತ್ ಹರಿದಂತೆ ಪೊರೆ ಹಿಂದೆ ಮುಂದೆ ಅಲುಗಾಡುತ್ತದೆ, ಗಾಳಿಯನ್ನು ತಳ್ಳುತ್ತದೆ. ಆ ಗಾಳಿಯ ಅಲೆ ಕಿವಿ ತಮಟೆಗೆ ತಲುಪಿದರೆ ನಮಗೆ ಹಾಡು ಕೇಳುತ್ತದೆ.

ಪೊರೆಯಲ್ಲಿ ಚೂರು ಬದಲಾದರೂ ದನಿ ಬದಲಾಗುತ್ತದೆ ಎಂಬುದು ನಮಗೆ ಹೊಸ ವಿಷಯವೇನಲ್ಲ. ಮೃದಂಗ ನೋಡಿ. ಬಲಮುಖದ ಚರ್ಮದ ನಡುವೆ ಕಪ್ಪಗೆ ದುಂಡಗೆ ಕಾಣುವುದೇ ಕರಣೆ. ಬರೀ ಚರ್ಮವನ್ನು ಬಿಗಿದು ಬಡಿದರೆ ಹುಟ್ಟುವ ಮೇಲಿನ ಸ್ವರಗಳು ಮೂಲ ಸ್ವರಕ್ಕೆ 1.59 ಪಟ್ಟು, 2.14 ಪಟ್ಟು ಹೀಗೆ ಒಂದಕ್ಕೊಂದು ಹೊಂದದೆ ಇರುತ್ತವೆ. ಅದಕ್ಕೇ ಸಾಮಾನ್ಯ ಡೋಲಿನಲ್ಲಿ ಸ್ಪಷ್ಟವಾದ ಶ್ರುತಿ ಕೇಳುವುದಿಲ್ಲ. ಕರಣೆಯ ಭಾರ ಬಿದ್ದ ಕೂಡಲೇ ಮುಖ್ಯ ಸ್ವರಗಳು ಹೆಚ್ಚುಕಡಿಮೆ 2, 3, 4, 5 ಪಟ್ಟಿಗೆ ಬಂದು ಕೂರುತ್ತವೆ, ಮೃದಂಗ ಶ್ರುತಿಗೆ ಸೇರುತ್ತದೆ. ಇದನ್ನು ವಿಜ್ಞಾನದ ಭಾಷೆಯಲ್ಲಿ ವಿವರಿಸಿದವರು ಸರ್ ಸಿ.ವಿ. ರಾಮನ್. 1920ರಲ್ಲಿ ಮೊದಲ ಟಿಪ್ಪಣಿ ಬರೆದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ಮೇಲೆ, 1934ರಲ್ಲಿ ಇದರ ಬಗ್ಗೆ ವಿವರವಾದ ಪ್ರಬಂಧ ಪ್ರಕಟಿಸಿದರು.

ಎಡಮುಖಕ್ಕೆ ಕಛೇರಿಗೆ ಮುಂಚೆ ರವೆ ಕಲಸಿ ಮೆತ್ತುವುದನ್ನೂ ನೀವು ನೋಡಿರಬಹುದು. ಅದೇ ಚರ್ಮ, ಅದೇ ಮರ, ಒಂದು ಹಿಡಿ ರವೆ ಸೇರಿದ್ದಕ್ಕೆ ದನಿ ಮಂದ್ರಕ್ಕೆ ಇಳಿಯುತ್ತದೆ. ಹೆಡ್‌ಫೋನ್ ಎಂಜಿನಿಯರುಗಳು ಮಾಡುವುದೂ ಇದೇ ಜಾತಿಯ ಕೆಲಸ. ಪೊರೆಯ ಭಾರ, ಅದರ ಬಿಗಿತ, ಹಿಂದಿನ ರಂಧ್ರಗಳ ಮೇಲೆ ಅಂಟಿಸುವ ತೆಳು ಕಾಗದ ಅಥವಾ ಬಟ್ಟೆ, ಮುಂದಿನ ಫೋಮ್, ಕಪ್ಪಿನ ಆಕಾರ, ಮೆತ್ತೆಯ ದಪ್ಪ ಇವುಗಳಲ್ಲಿ ಯಾವುದನ್ನು ಮುಟ್ಟಿದರೂ ದನಿ ಒಂದಷ್ಟು ಸರಿದಾಡುತ್ತದೆ.

ನಿಜವಾಗಿ ಬದಲಾದ ಹೆಡ್‌ಫೋನ್‌ಗಳು

ಕೆಲವು ಹೆಸರಾಂತ ಉದಾಹರಣೆಗಳನ್ನು ನೋಡೋಣ.

ಒಂದು: ಸೆನ್‌ಹೈಸರ್ ಎಚ್‌ಡಿ 800. ಈ ಜರ್ಮನ್ ಹೆಡ್‌ಫೋನ್ 2009ರಲ್ಲಿ ಬಂದಾಗ ದೊಡ್ಡ ಸುದ್ದಿ ಮಾಡಿತು. ಆದರೆ ಸುಮಾರು 6,000 ಹರ್ಟ್ಜ್ ಹತ್ತಿರ ಇದರ ದನಿ ಚೂಪಾಗುತ್ತದೆ ಎಂಬ ದೂರೂ ಇತ್ತು. ಗಾಯಕರ "ಸ", "ಶ" ಅಕ್ಷರಗಳು, ತಾಳದ ಕಿಣಿಕಿಣಿ ಹೆಚ್ಚಾಗಿ ಎದ್ದು ಕಾಣುವುದು ಈ ಎತ್ತರದಲ್ಲೇ. ಕೆಲವು ಬಳಕೆದಾರರು ಕಪ್ಪಿನ ಒಳಗೆ ಫೆಲ್ಟ್, ಫೋಮ್ ತುಂಡು ಅಂಟಿಸಿ ತಾವೇ ರಿಪೇರಿ ಮಾಡಿಕೊಂಡರು. ಮುಂದೆ 2016ರ ಹೊತ್ತಿಗೆ ಬಂದ ಎಚ್‌ಡಿ 800 ಎಸ್‌ನಲ್ಲಿ ಕಂಪನಿಯೇ ಒಂದು ಅನುರಣನ ಹೀರುಕವನ್ನು ಸೇರಿಸಿತು. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಒಂದು ಸ್ವರ ಬರುತ್ತದಲ್ಲ, ಅದೇ ತತ್ವ ಇಲ್ಲಿ ತಿರುಗಿ ಕೆಲಸ ಮಾಡುತ್ತದೆ. ಪುಟ್ಟ ಗೂಡೊಂದು ಆ ಒಂದು ಸ್ವರದ ಶಕ್ತಿಯನ್ನು ಮಾತ್ರ ಹೀರಿಕೊಳ್ಳುತ್ತದೆ. ಮೂಲ ವಿನ್ಯಾಸ ಅದೇ, ಆದರೆ ಚೂಪು ತಗ್ಗಿತು.

ಎರಡು: ಸೆನ್‌ಹೈಸರ್ ಎಚ್‌ಡಿ 660 ಎಸ್. 2017ರ ಈ ಮಾದರಿಗೆ 2023ರಲ್ಲಿ "ಎಸ್2" ಎಂಬ ಹೊಸ ಆವೃತ್ತಿ ಬಂತು. ಡ್ರೈವರ್‌ನ ಸಹಜ ಅನುರಣನವನ್ನು 110 ಹರ್ಟ್ಜ್‌ನಿಂದ 70 ಹರ್ಟ್ಜ್‌ಗೆ ಇಳಿಸಿದ್ದೇವೆ ಎಂದು ಕಂಪನಿ ಹೇಳಿತು. ಹಿಂಬದಿ ತೆರೆದಿರುವ ಹೆಡ್‌ಫೋನ್‌ಗಳಲ್ಲಿ ಈ ಅಂಕಿಗಿಂತ ಕೆಳಗೆ ದನಿ ಸೊರಗುತ್ತಾ ಹೋಗುತ್ತದೆ. ಅದನ್ನು ಕೆಳಗೆ ತಂದರೆ ಆಳದ ಬೇಸ್ ಹೆಚ್ಚು ಉಳಿಯುತ್ತದೆ. ಮೃದಂಗದ ಎಡಮುಖಕ್ಕೆ ರವೆ ಮೆತ್ತಿದಂತೆಯೇ ಎನ್ನಬಹುದು.

ಮೂರು: ಆಡಿಸಿ ಎಲ್‌ಸಿಡಿ-2. ಅಮೆರಿಕದ ಈ ಹೆಡ್‌ಫೋನ್‌ನಲ್ಲಿ ಸುರುಳಿಯ ಬದಲು ಇಡೀ ಪೊರೆಯ ಮೇಲೆಯೇ ತಂತಿಯ ಗೆರೆಗಳಿವೆ. ಮುಂದೆ ಸಾಲಾಗಿ ಅಯಸ್ಕಾಂತದ ಪಟ್ಟಿಗಳಿವೆ. ದನಿ ಆ ಪಟ್ಟಿಗಳ ಸಂದಿಯಲ್ಲೇ ಹೊರಬರಬೇಕು. ಕೆಲವು ವರ್ಷಗಳ ನಂತರ ಪಟ್ಟಿಗಳ ಮುಂದೆ ಗಾಳಿಗೆ ದಾರಿ ಮಾಡಿಕೊಡುವ "ಫೇಜರ್" ಎಂಬ ಭಾಗ ಸೇರಿಸಿದರು. ಮಾದರಿಯ ಹೆಸರು ಮಾತ್ರ ಎಲ್‌ಸಿಡಿ-2 ಎಂದೇ ಉಳಿಯಿತು. ಹಾಗಾಗಿ ಹಳೆಯದನ್ನು ಕೊಳ್ಳುವವರು ಇಂದಿಗೂ "ಫೇಜರ್‌ಗೆ ಮುಂಚಿನದೋ, ಆಮೇಲಿನದೋ?" ಎಂದು ಕೇಳುತ್ತಾರೆ. ಸಂದೇಶದ ಮೊದಲ ಮಾತು ನಿಜ ಎಂದು ನಾವು ಹೇಳಿದ್ದು ಇದಕ್ಕೇ.

ನಾಲ್ಕು: ಸೋನಿ ಡಬ್ಲ್ಯುಎಚ್-1000 ಸರಣಿ. 2020ರ ಎಕ್ಸ್‌ಎಂ4ರಲ್ಲಿ 40 ಮಿಲಿಮೀಟರ್ ಡ್ರೈವರ್ ಇತ್ತು. 2022ರ ಎಕ್ಸ್‌ಎಂ5ರಲ್ಲಿ ಅದು 30 ಮಿಲಿಮೀಟರ್ ಆಯಿತು. ಅಂಕಿ ನೋಡಿ "ಡ್ರೈವರ್ ಚಿಕ್ಕದು, ಬೇಸ್ ಕಡಿಮೆ" ಎಂದು ತೀರ್ಮಾನಿಸಬೇಡಿ. ಕಿವಿಯ ಸುತ್ತ ಗಾಳಿ ಸೋರದಂತೆ ಮುಚ್ಚಿದ್ದರೆ ಚಿಕ್ಕ ಪೊರೆಯೂ ಸಾಕಷ್ಟು ಬೇಸ್ ಕೊಡಬಲ್ಲದು. ಇಂಥ ಬ್ಲೂಟೂತ್ ಹೆಡ್‌ಫೋನ್‌ಗಳಲ್ಲಿ ಕೊನೆಯ ದನಿಯನ್ನು ನಿರ್ಧರಿಸುವುದು ಒಳಗಿನ ಚಿಪ್. ಅಂದರೆ ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಬಂದರೂ ದನಿ ಬದಲಾಗಬಹುದು, ಒಂದು ಸ್ಕ್ರೂ ಕೂಡ ಬಿಚ್ಚಬೇಕಿಲ್ಲ.

ಹೆಸರು, ಬೆಲೆ ಬೇರೆ. ದನಿ ಮಾತ್ರ ಅದೇ

ಇದಕ್ಕೆ ತದ್ವಿರುದ್ಧ ಉದಾಹರಣೆಯೂ ಇದೆ. ಸೆನ್‌ಹೈಸರ್ ಎಚ್‌ಡಿ 650 ಮಾರುಕಟ್ಟೆಗೆ ಬಂದದ್ದು 2003ರಲ್ಲಿ. 2016ರಲ್ಲಿ ಮಾಸ್‌ಡ್ರಾಪ್ ಎಂಬ ಅಮೆರಿಕದ ಆನ್‌ಲೈನ್ ಮಾರಾಟ ಸಂಸ್ಥೆಗಾಗಿ ಅದೇ ಹೆಡ್‌ಫೋನ್ ಎಚ್‌ಡಿ 6ಎಕ್ಸ್‌ಎಕ್ಸ್ ಹೆಸರಿನಲ್ಲಿ ಹೊರಬಂತು. ಕಡುನೀಲಿ ಬಣ್ಣ, ಗಿಡ್ಡ ಕೇಬಲ್, ಬೇರೆ ಪಿನ್, ತುಂಬಾ ಕಡಿಮೆ ಬೆಲೆ. ದನಿ ಹುಟ್ಟುವ ಭಾಗಗಳು ಮಾತ್ರ ಎಚ್‌ಡಿ 650ರವೇ. ಬೆಲೆ ಕಡಿಮೆಯಾದ್ದರಿಂದ ದನಿಯೂ ಕಡಿಮೆ ಇರಬೇಕು ಎಂದುಕೊಂಡವರು ಬಹಳ ಮಂದಿ. ಬೆಲೆ ಚೀಟಿಯೂ ನಮ್ಮ ಕಿವಿಯನ್ನು ಮೋಸಗೊಳಿಸುತ್ತದೆ.

ಹಾಗಾದರೆ ಕಂಪನಿಗಳು ಏಕೆ ಬದಲಾಯಿಸುತ್ತವೆ?

ಎಲ್ಲ ಬದಲಾವಣೆಯೂ ಕುತಂತ್ರವಲ್ಲ. ಹಳೆಯ ಬಿಡಿಭಾಗ ಸಿಗದೆ ಹೋಗಬಹುದು. ಭಾರ ಕಡಿಮೆ ಮಾಡಬೇಕಾಗಿರಬಹುದು. ಬೇಗ ಮುರಿಯುತ್ತಿದ್ದ ಭಾಗವನ್ನು ಗಟ್ಟಿ ಮಾಡಿರಬಹುದು. ಖರ್ಚು ಉಳಿಸುವುದೂ ಒಂದು ಕಾರಣ ಇರಬಹುದು. ಇನ್ನೊಂದು ಕಾರಣ, "ಸರಿಯಾದ ದನಿ" ಯಾವುದು ಎಂಬ ತಿಳಿವಳಿಕೆಯೇ ಬದಲಾಗಿರುವುದು.

ನಮ್ಮ ಹೊರಕಿವಿ ಮತ್ತು ಕಿವಿಯ ನಾಳ ಸೇರಿ ಸುಮಾರು 3,000 ಹರ್ಟ್ಜ್ ಹತ್ತಿರದ ದನಿಯನ್ನು ತಾವೇ ಹೆಚ್ಚಿಸುತ್ತವೆ. ಕೋಣೆಯಲ್ಲಿ ಸ್ಪೀಕರ್ ಕೇಳುವಾಗ ಈ ಕೆಲಸ ಸಹಜವಾಗಿ ಆಗುತ್ತದೆ. ಹೆಡ್‌ಫೋನ್ ಕಿವಿಗೇ ಅಂಟಿ ಕೂರುವುದರಿಂದ ಆ ಏರಿಕೆಯನ್ನು ಅದೇ ಲೆಕ್ಕ ಹಾಕಿ ಕೊಡಬೇಕು. ಎಷ್ಟು ಕೊಡಬೇಕು? ಹರ್ಮನ್ ಕಂಪನಿಯ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ 2012ರಿಂದ ಈಚೆಗೆ ಕೇಳುಗರನ್ನು ಕೂರಿಸಿ ಪ್ರಯೋಗ ಮಾಡಿ, ಹೆಚ್ಚು ಜನ ಯಾವ ದನಿಯನ್ನು ಮೆಚ್ಚುತ್ತಾರೆ ಎಂಬುದರ ನಕ್ಷೆ ತಯಾರಿಸಿದರು. ಅದನ್ನು "ಹರ್ಮನ್ ಕರ್ವ್" ಎನ್ನುತ್ತಾರೆ. ಅದಾದ ಮೇಲೆ ಹಲವು ಕಂಪನಿಗಳು ಹೊಸ ಮಾದರಿಗಳನ್ನು ಆ ನಕ್ಷೆಗೆ ಹತ್ತಿರ ತಂದವು. ಹಳೆಯ ದನಿಗೆ ಒಗ್ಗಿಹೋದವರಿಗೆ ಅದು "ಕೆಟ್ಟಿತು" ಎನ್ನಿಸಿದರೆ, ಹೊಸಬರಿಗೆ "ಸುಧಾರಿಸಿತು" ಎನ್ನಿಸಬಹುದು.

ಬದಲಾಗದೆಯೂ ಬದಲಾದಂತೆ ಕೇಳುವುದೇಕೆ?

ಸವೆದ ಮೆತ್ತೆ: ಕಿವಿ ಮುಚ್ಚುವ ಹೆಡ್‌ಫೋನ್‌ನಲ್ಲಿ ಪೊರೆ ಮತ್ತು ಕಿವಿ ತಮಟೆಯ ನಡುವಿನ ಗಾಳಿ ಒಂದು ಮುಚ್ಚಿದ ಡಬ್ಬಿಯಂತೆ. ಡಬ್ಬಿ ಸೋರಿದರೆ ಮೊದಲು ಹೊರಟು ಹೋಗುವುದು ಬೇಸ್. ಪಂಕ್ಚರ್ ಆದ ಟ್ಯೂಬಿಗೆ ಎಷ್ಟು ಪಂಪ್ ಹೊಡೆದರೇನು? ಮೆತ್ತೆ ಚಪ್ಪಟೆಯಾದರೆ ಕಿವಿಯೂ ಡ್ರೈವರ್‌ಗೆ ಹತ್ತಿರವಾಗುತ್ತದೆ, ಟ್ರೆಬಲ್ ಕೂಡ ಬದಲಾಗುತ್ತದೆ. ಹಿಂಬದಿ ತೆರೆದ ಹೆಡ್‌ಫೋನ್‌ಗಳಲ್ಲೂ ಹಳೆಯ ಮೆತ್ತೆ ದನಿಯನ್ನು ಬದಲಾಯಿಸುತ್ತದೆ. ಚರ್ಮದಂಥ ಮೆತ್ತೆ ತೆಗೆದು ಮಖಮಲ್ ಮೆತ್ತೆ ಹಾಕಿದರೂ ದನಿ ಅದೇ ಇರುವುದಿಲ್ಲ, ಬಟ್ಟೆಯಲ್ಲಿ ಗಾಳಿ ಸೋರುತ್ತದೆ.

ಕನ್ನಡಕ ಮತ್ತು ಕೂದಲು: ಕನ್ನಡಕದ ಕಡ್ಡಿ ಮೆತ್ತೆಯ ಕೆಳಗೆ ಸಣ್ಣ ಸಂದಿ ಮಾಡುತ್ತದೆ. ಅಷ್ಟು ಸಂದಿ ಸಾಕು ಬೇಸ್ ಸೋರಿಹೋಗಲು.

ವಾಲ್ಯೂಮ್: 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ಸಂಶೋಧಕರು ಒಂದು ವಿಷಯ ತೋರಿಸಿದ್ದರು. ದನಿ ಮೆತ್ತಗಿದ್ದಾಗ ನಮ್ಮ ಕಿವಿಗೆ ಬೇಸ್ ತುಂಬಾ ಕಡಿಮೆ ಕೇಳುತ್ತದೆ, ಜೋರಾದಂತೆ ತುಂಬಿಕೊಂಡು ಕೇಳುತ್ತದೆ. ಹಾಗಾಗಿ ಎರಡು ಹೆಡ್‌ಫೋನ್ ಹೋಲಿಸುವಾಗ ಒಂದು ಚೂರು ಜೋರಾಗಿದ್ದರೂ ಅದೇ "ಒಳ್ಳೆಯದು" ಎನ್ನಿಸಿಬಿಡುತ್ತದೆ. ಅಂಗಡಿಯಲ್ಲಿ ಹೊಸದು ಗೆಲ್ಲಲು ಇದೊಂದೇ ಸಾಕಾಗುತ್ತದೆ.

ಒಂದೇ ಮಾದರಿಯಲ್ಲೂ ವ್ಯತ್ಯಾಸ: ಒಂದೇ ದಿನ ತಯಾರಾದ ಎರಡು ಹೆಡ್‌ಫೋನ್‌ಗಳ ನಡುವೆಯೂ ಒಂದೆರಡು ಡೆಸಿಬೆಲ್ ಹೆಚ್ಚುಕಡಿಮೆ ಇರಬಹುದು. ಅಷ್ಟೇಕೆ, ಅದೇ ಹೆಡ್‌ಫೋನನ್ನು ತೆಗೆದು ಅರ್ಧ ಸೆಂಟಿಮೀಟರ್ ಸರಿಸಿ ಹಾಕಿಕೊಂಡರೆ ಟ್ರೆಬಲ್ ಬೇರೆಯಾಗಿ ಕೇಳುತ್ತದೆ. ಒಂದೊಂದು ಹೆಡ್‌ಫೋನ್ ಕೇಳಿ "ಇಡೀ ಹೊಸ ಆವೃತ್ತಿಯೇ ಹೀಗೆ" ಎಂದು ಹೇಳಲಾಗದು. ನಕಲಿ ಮಾಲು ಕೈಗೆ ಸಿಕ್ಕಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ.

200 ಗಂಟೆ ಓಡಿಸಿದರೆ ದನಿ ತೆರೆದುಕೊಳ್ಳುತ್ತದೆಯೇ?

ಇದನ್ನು "ಬರ್ನ್-ಇನ್" ಎನ್ನುತ್ತಾರೆ. ಗಂಟೆಗಟ್ಟಲೆ ಓಡಿಸಿ ಯಂತ್ರದಲ್ಲಿ ಅಳೆದು ನೋಡಿದಾಗ ಸಿಕ್ಕಿರುವ ವ್ಯತ್ಯಾಸ ಬಹಳ ಚಿಕ್ಕದು. ಹೆಡ್‌ಫೋನ್ ತೆಗೆದು ಮತ್ತೆ ಹಾಕಿದಾಗ ಆಗುವಷ್ಟೂ ಅಲ್ಲ. ಆದರೂ ಎರಡು ವಾರದಲ್ಲಿ ದನಿ ಚೆನ್ನಾಯಿತು ಎಂದು ಅನೇಕರಿಗೆ ಅನ್ನಿಸುವುದು ಸುಳ್ಳಲ್ಲ. ಬಳಸಿದಂತೆ ಮೆತ್ತೆ ಮೆದುವಾಗಿ ನಿಮ್ಮ ತಲೆಯ ಆಕಾರಕ್ಕೆ ಕೂರುತ್ತದೆ. ಅದಕ್ಕಿಂತ ಮುಖ್ಯವಾಗಿ ಮೆದುಳು ಹೊಸ ದನಿಗೆ ಒಗ್ಗಿಕೊಳ್ಳುತ್ತದೆ. ಹೊಸ ಮನೆಗೆ ಹೋದ ವಾರದಲ್ಲಿ ಫ್ಯಾನಿನ ಸದ್ದು ನಿದ್ದೆ ಕೆಡಿಸಿ ಆಮೇಲೆ ಕೇಳಿಸದೇ ಹೋಗುತ್ತದಲ್ಲ, ಹಾಗೆಯೇ.

ಒಂದು ಎಚ್ಚರಿಕೆ: "ಇನ್ನೂ ಬರ್ನ್-ಇನ್ ಆಗಿಲ್ಲ" ಎಂದು ಕಾಯುತ್ತಾ ಕೂತರೆ ಹಿಂದಿರುಗಿಸುವ ಅವಧಿ ಮುಗಿದುಹೋಗುತ್ತದೆ. ಇಷ್ಟವಾಗದಿದ್ದರೆ ಅವಧಿಯೊಳಗೇ ತೀರ್ಮಾನಿಸಿ.

ಗದ್ದಲದ ರಸ್ತೆ, ಸೋರುವ ಮೆತ್ತೆ, ಕಿವಿಗೆ ಅಪಾಯ

ಈಗ ಮತ್ತೆ ಟಿನ್ ಫ್ಯಾಕ್ಟರಿಗೆ ಬರೋಣ. ನಿಂತಲ್ಲೇ ಗುರುಗುಡುವ ಬಸ್ಸಿನ ಎಂಜಿನ್ ಸದ್ದಿನಲ್ಲಿ ಹೆಚ್ಚಿನದು ತಗ್ಗಿನ ಸ್ವರ. ಅದು ಹಾಡಿನ ಬೇಸನ್ನು ಮುಚ್ಚಿಹಾಕುತ್ತದೆ. ಮೆತ್ತೆ ಸೋರುತ್ತಿದ್ದರೆ ಎರಡು ನಷ್ಟ: ಹಾಡಿನ ಬೇಸ್ ಹೊರಗೆ ಹೋಗುತ್ತದೆ, ರಸ್ತೆಯ ಸದ್ದು ಒಳಗೆ ಬರುತ್ತದೆ. ನಾವು ಮಾಡುವುದೇನು? ವಾಲ್ಯೂಮ್ ಏರಿಸುತ್ತೇವೆ. ಬೇಸ್ ಪೂರ್ತಿ ಮರಳುವುದಿಲ್ಲ, ಆದರೆ ಉಳಿದ ದನಿಯೆಲ್ಲ ಕಿವಿಗೆ ಇನ್ನಷ್ಟು ಜೋರಾಗಿ ಬಡಿಯುತ್ತದೆ. ನಮ್ಮ ಗೆಳೆಯರು ಎಷ್ಟೋ ತಿಂಗಳು ಮಾಡಿದ್ದು ಇದನ್ನೇ.

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ದೊಡ್ಡವರು ವಾರಕ್ಕೆ 40 ಗಂಟೆಯವರೆಗೆ ಕೇಳುವುದಾದರೆ ಸರಾಸರಿ ದನಿ 80 ಡೆಸಿಬೆಲ್ ಮೀರಬಾರದು. ಮಕ್ಕಳಿಗೆ 75. ಪ್ರತಿ 3 ಡೆಸಿಬೆಲ್ ಏರಿದಾಗ ದನಿಯ ಶಕ್ತಿ ಎರಡು ಪಟ್ಟಾಗುತ್ತದೆ, ಸುರಕ್ಷಿತ ಸಮಯ ಅರ್ಧಕ್ಕೆ ಇಳಿಯುತ್ತದೆ. 90 ಡೆಸಿಬೆಲ್‌ಗೆ ಬಂದರೆ ವಾರಕ್ಕೆ ಉಳಿಯುವುದು ಸುಮಾರು 4 ಗಂಟೆ ಮಾತ್ರ. ದಿನಾ ಒಂದು ಗಂಟೆ ಬಸ್ ಪ್ರಯಾಣ ಮಾಡುವವರು ವಾರ ಮುಗಿಯುವ ಮೊದಲೇ ಆ ಮಿತಿ ದಾಟಿರುತ್ತಾರೆ. ಒಳಕಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ. ಅದಕ್ಕೆ ಹೊಸ ಆವೃತ್ತಿ ಸಿಗುವುದಿಲ್ಲ.

ಇನ್ನೊಂದು ವಿಷಯ. ಮೇಲೆ ಹೇಳಿದ ಎಚ್‌ಡಿ 650, ಎಚ್‌ಡಿ 800 ಎಸ್, ಎಲ್‌ಸಿಡಿ-2 ಎಲ್ಲವೂ ಹಿಂಬದಿ ತೆರೆದ ಹೆಡ್‌ಫೋನ್‌ಗಳು. ನಿಶ್ಶಬ್ದ ಕೋಣೆಗೆ ಹೇಳಿ ಮಾಡಿಸಿದವು. ಬಸ್ ಸ್ಟಾಪಿನಲ್ಲಿ ಹಾಕಿಕೊಂಡರೆ ಹೊರಗಿನ ಸದ್ದೆಲ್ಲ ನೇರ ಒಳಗೆ ಬರುತ್ತದೆ. ಹಾಗಾಗಿ ವಿಮರ್ಶೆಯಲ್ಲಿ ಹೊಗಳಿದ "ಸುಧಾರಿಸಿದ ಬೇಸ್" ಅಲ್ಲಿ ಕೇಳಿಸುವುದೇ ಇಲ್ಲ. ರಸ್ತೆಗೆ ಬೇಕಾದದ್ದು ಕಿವಿಯನ್ನು ಸರಿಯಾಗಿ ಮುಚ್ಚುವ ಹೆಡ್‌ಫೋನ್, ಅಥವಾ ಗದ್ದಲ ತಗ್ಗಿಸುವ ಎಎನ್‌ಸಿ ಇರುವಂಥದ್ದು. ಎಎನ್‌ಸಿ ಎಂಜಿನ್ನಿನಂಥ ಒಂದೇ ಸಮನೆ ಬರುವ ತಗ್ಗಿನ ಸದ್ದನ್ನು ಚೆನ್ನಾಗಿ ತಗ್ಗಿಸುತ್ತದೆ, ಹಾರ್ನ್ ಸದ್ದನ್ನು ಅಷ್ಟಾಗಿ ಅಲ್ಲ. ಏನೇ ಇದ್ದರೂ ರಸ್ತೆ ದಾಟುವಾಗ ಕಿವಿಯಿಂದ ತೆಗೆದುಬಿಡಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಹೊಸದಕ್ಕೆ ದುಡ್ಡು ಹಾಕುವ ಮೊದಲು ಹತ್ತು ನಿಮಿಷ ಕೊಡಿ.

1. ಮೆತ್ತೆ ನೋಡಿ. ಸಿಪ್ಪೆ ಎದ್ದಿದೆಯೇ? ಒತ್ತಿದರೆ ಮೇಲೆ ಬರುತ್ತದೆಯೇ, ಚಪ್ಪಟೆಯಾಗಿಯೇ ಉಳಿಯುತ್ತದೆಯೇ?

2. ಬೇಸ್ ಇರುವ, ನಿಮಗೆ ಚೆನ್ನಾಗಿ ಗೊತ್ತಿರುವ ಹಾಡು ಹಾಕಿ. ಕಪ್ಪುಗಳನ್ನು ಮೆಲ್ಲಗೆ ಒತ್ತಿ. ಬೇಸ್ ಥಟ್ಟನೆ ಹೆಚ್ಚಿದರೆ ಗಾಳಿ ಸೋರುತ್ತಿದೆ ಎಂದರ್ಥ.

3. ಕನ್ನಡಕ ತೆಗೆದು ಕೇಳಿ, ಹಾಕಿ ಕೇಳಿ.

4. ಎಡ, ಬಲ ಅದಲುಬದಲು ಮಾಡಿ ಹಾಕಿಕೊಳ್ಳಿ. ಮಂಕಾದ ಕಡೆ ಹೆಡ್‌ಫೋನ್ ಜೊತೆ ಬದಲಾದರೆ ದೋಷ ಹೆಡ್‌ಫೋನ್, ಕೇಬಲ್ ಅಥವಾ ಧೂಳು ತುಂಬಿದ ಜಾಲರಿಯದು. ಅದೇ ಕಿವಿಯಲ್ಲೇ ಉಳಿದರೆ ಕಿವಿಯನ್ನು ವೈದ್ಯರಿಗೆ ತೋರಿಸಿ. ಕೆಲವೊಮ್ಮೆ ಅದು ಬರೀ ಗುಗ್ಗೆ ಇರಬಹುದು. ನೀವೇ ಕಡ್ಡಿ ಹಾಕಬೇಡಿ.

5. ಫೋನಿನ ಈಕ್ವಲೈಸರ್, "ಬೇಸ್ ಬೂಸ್ಟ್" ಎಲ್ಲ ಆರಿಸಿ. ಬ್ಲೂಟೂತ್ ಆದರೆ ಇತ್ತೀಚೆಗೆ ಅಪ್‌ಡೇಟ್ ಬಂದಿದೆಯೇ ನೋಡಿ.

6. ಅಂಗಡಿಯಲ್ಲಿ ಹೋಲಿಸುವಾಗ ಅದೇ ಫೋನ್, ಅದೇ ಹಾಡು ಇರಲಿ. ಜೋರಾಗಿ ಕೇಳುವುದರ ವಾಲ್ಯೂಮ್ ತಗ್ಗಿಸಿ ಸಮ ಮಾಡಿ. ಹೊಸ ಮೆತ್ತೆಯ ಹೊಸ ಹೆಡ್‌ಫೋನನ್ನು ಸವೆದ ಮೆತ್ತೆಯ ಹಳೆಯದರ ಜೊತೆ ಹೋಲಿಸಿದರೆ ಅದು ಆವೃತ್ತಿಗಳ ಹೋಲಿಕೆ ಆಗುವುದಿಲ್ಲ, ಮೆತ್ತೆಗಳ ಹೋಲಿಕೆ ಆಗುತ್ತದೆ. ಕಣ್ಣು ಮುಚ್ಚಿ ಕೇಳಿದರೂ ತೂಕ, ಬಿಗಿತದಿಂದ ಯಾವುದು ಯಾವುದೆಂದು ತಲೆಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಸಣ್ಣ ವ್ಯತ್ಯಾಸವನ್ನು ನಂಬುವ ಮುನ್ನ ಇನ್ನೊಂದು ದಿನ ಮತ್ತೆ ಕೇಳಿ.

ಹಳೆಯ ಹೆಡ್‌ಫೋನ್ ಕೈಯಿಂದ ಕೈಗೆ ಕೊಳ್ಳುವವರು ಸೀರಿಯಲ್ ಸಂಖ್ಯೆ, ತಯಾರಾದ ವರ್ಷ, ಮೆತ್ತೆ ಬದಲಾಯಿಸಿದ್ದಾರೆಯೇ ಎಂಬುದನ್ನು ಕೇಳಿ. ಮೆತ್ತೆ ಬದಲಾಯಿಸುವುದಾದರೆ ಆ ಮಾದರಿಗೆ ಕಂಪನಿಯೇ ಕೊಡುವುದನ್ನು ಹಾಕಿ. ಬೇರೆ ಆಕಾರದ ಅಗ್ಗದ ಮೆತ್ತೆ ಹಾಕಿದರೆ ನೀವೇ ಒಂದು ಹೊಸ ಆವೃತ್ತಿ ತಯಾರಿಸಿದಂತೆ ಆಗುತ್ತದೆ.

ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ನಿಲ್ಲದೆ ಬರುತ್ತಿದ್ದರೆ, ಹಾಡು ನಿಲ್ಲಿಸಿದ ಮೇಲೆ ಮಾತು ಹತ್ತಿ ಇಟ್ಟಂತೆ ಕೇಳುತ್ತಿದ್ದರೆ ಹೆಡ್‌ಫೋನ್ ಬದಲಾಯಿಸುವ ಬಗ್ಗೆ ಯೋಚಿಸಬೇಡಿ. ಮೊದಲು ಇಎನ್‌ಟಿ ವೈದ್ಯರನ್ನು ಕಾಣಿ.

ಫಾರ್ವರ್ಡ್ ಮಾಡುವ ಮುನ್ನ

ಸಂದೇಶದ ಮೂರು ಮಾತಿಗೆ ನಮ್ಮ ಉತ್ತರ ಹೀಗಿದೆ.

"ಹೆಸರು ಅದೇ ಇಟ್ಟು ಒಳಗೆ ಬದಲಾಯಿಸುತ್ತಾರೆ": ನಿಜ. ಹಾಗೆ ಆದ ಉದಾಹರಣೆಗಳಿವೆ. ಬದಲಾವಣೆ ಒಳ್ಳೆಯದೂ ಇರಬಹುದು, ನಿಮಗೆ ಹಿಡಿಸದೆಯೂ ಇರಬಹುದು.

"ನಿಮ್ಮ ಹಳೆಯದರ ದನಿ ಮಂಕಾಗಿದ್ದರೆ ಹೊಸ ಆವೃತ್ತಿ ಕೊಳ್ಳಿ": ಹೆಚ್ಚಿನ ಸಲ ತಪ್ಪು. ಹೊಸ ಆವೃತ್ತಿ ಬಂದಿತೆಂದು ನಿಮ್ಮ ಕೈಯಲ್ಲಿರುವ ಹಳೆಯದರ ಡ್ರೈವರ್ ಬದಲಾಗುವುದಿಲ್ಲ. ಮೊದಲು ಮೆತ್ತೆ ಬದಲಾಯಿಸಿ.

"200 ಗಂಟೆ ಓಡಿಸಿ": ಬೇಕಿಲ್ಲ. ಇಷ್ಟವಾದ ಹಾಡನ್ನು ಮಿತವಾದ ವಾಲ್ಯೂಮ್‌ನಲ್ಲಿ ಕೇಳಿ, ಸಾಕು.

ನಮ್ಮ ಗೆಳೆಯರು ಹೊಸ ಹೆಡ್‌ಫೋನ್ ಕೊಳ್ಳಲಿಲ್ಲ. ಗುಂಪಿನಲ್ಲಿ ಆ ಸಂದೇಶ ಮತ್ತೆ ಬಂದಾಗ ಅವರು ಹಾಕಿದ ಉತ್ತರ ಒಂದೇ ಸಾಲು: "ಮೊದ್ಲು ಕಪ್ಪು ಒತ್ತಿ ನೋಡಿ ಸ್ವಾಮಿ." ಯಾವುದನ್ನಾದರೂ ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.